ಪ್ಲೇನರ್ ಬ್ಲೇಡಿಗೆ ಸಾಣೆ: ಅಂಗಡಿಗೆ ಕೊಡುವಾಗ, ಮನೆಯಲ್ಲೇ ಮಸೆಯುವಾಗ ತಿಳಿದಿರಬೇಕಾದದ್ದು

ಹಲಗೆಯನ್ನು ಹೆರೆದು ನುಣುಪು ಮಾಡುವ ಪ್ಲೇನರ್ ಯಂತ್ರದ ಬ್ಲೇಡಿನ ಬಾಯಿ, ಅಂದರೆ ಹರಿತವಾದ ಅಂಚು, ಹೋಗಿದೆಯೆಂಬುದು ಬ್ಲೇಡನ್ನು ನೋಡುವುದಕ್ಕಿಂತ ಮೊದಲೇ ಹಲಗೆಯನ್ನು ನೋಡಿದಾಗ ಗೊತ್ತಾಗುತ್ತದೆ. ಯಂತ್ರದಿಂದ ಹೊರಬಂದ ಹಲಗೆಯ ಮೇಲೆ ಅಂಗೈ ಆಡಿಸಿದಾಗ ಸಣ್ಣ ನಾರುಗಳು ಎದ್ದು ನಿಂತಂತೆ ತಗುಲಿದರೆ, ಗಂಟಿನ ಸುತ್ತ ಎಳೆ ಕಿತ್ತು ಬಂದಿದ್ದರೆ, ಕೆಲವು ಕಡೆ ಮೇಲ್ಮೈ ಉಜ್ಜಿದಂತೆ ಹೊಳೆದು ಅಲ್ಲಲ್ಲಿ ಕಂದು ಸುಟ್ಟ ಗೆರೆ ಕಂಡರೆ, ಬ್ಲೇಡು ಮರವನ್ನು ಕತ್ತರಿಸುವುದನ್ನು ಬಿಟ್ಟು ಒತ್ತಿ ಹರಿಯುತ್ತಿದೆ ಎಂದೇ ಅರ್ಥ. ಮೋಟಾರಿನ ಸದ್ದು ಭಾರವಾಗುವುದು, ಹಲಗೆಯ ದಪ್ಪವನ್ನು ಒಂದೇ ಸಮ ಮಾಡುವ ಥಿಕ್ನೆಸ್ ಯಂತ್ರದಲ್ಲಿ ಹಲಗೆ ನಡುವೆಯೇ ನಿಂತುಬಿಡುವುದು, ಸುರುಳಿಯಾಗಿ ಬೀಳಬೇಕಾದ ಹೊಟ್ಟು ಪುಡಿಪುಡಿಯಾಗಿ ಬೀಳುವುದು ಇವೂ ಅದೇ ಲಕ್ಷಣಗಳು. ಹಲಗೆಯ ಉದ್ದಕ್ಕೂ ದಾರದಷ್ಟು ತೆಳ್ಳಗಿನ ಒಂದು ಏಣು ಎದ್ದಿದ್ದರೆ ಮಾತ್ರ ಅದು ಬ್ಲೇಡು ಮೊಂಡಾದದ್ದರಿಂದಲ್ಲ. ಮೊಳೆಯೋ ಕಲ್ಲಿನ ಚೂರೋ ತಗುಲಿ ಬ್ಲೇಡಿನ ಬಾಯಿ ಅಷ್ಟು ಜಾಗದಲ್ಲಿ ಉದುರಿದೆ.

ಹೀಗೆ ಉದುರಿದ ಕಚ್ಚು ಚಿಕ್ಕದಾಗಿದ್ದು ಉಳಿದ ಬಾಯಿ ಹರಿತವಾಗಿದ್ದರೆ ಸಾಣೆಗೆ ಓಡುವ ಅಗತ್ಯವಿಲ್ಲ. ಮೂರು ಬ್ಲೇಡುಗಳ ಪೈಕಿ ಒಂದನ್ನು ಸಡಿಲಿಸಿ, ಬ್ಲೇಡುಗಳನ್ನು ಹಿಡಿದು ತಿರುಗುವ ಉರುಳೆಯಾದ ಬ್ಲಾಕಿನ ಉದ್ದಕ್ಕೆ ಒಂದೆರಡು ಮಿ.ಮೀ. ಪಕ್ಕಕ್ಕೆ ಸರಿಸಿ ಮತ್ತೆ ಬಿಗಿದರೆ, ಒಂದು ಬ್ಲೇಡು ಬಿಟ್ಟ ಏಣನ್ನು ಇನ್ನೊಂದು ಬ್ಲೇಡು ತೆಗೆದುಹಾಕುತ್ತದೆ. ಸರಿಸಿದ ಬ್ಲೇಡಿನ ತುದಿ ಬ್ಲಾಕಿನಿಂದ ಹೊರಚಾಚಿ ಪಕ್ಕದ ಕಬ್ಬಿಣಕ್ಕೆ ತಗುಲದಂತೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿಕೊಳ್ಳಬೇಕು.

ಹರಿತ ಒಂದೇ ಸಾಲದು

ಕೈಯಿಂದ ಮರ ಹೆರೆಯುವ ಹತ್ತರಿಯ ಬ್ಲೇಡಿಗೂ ಯಂತ್ರದ ಬ್ಲೇಡಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹತ್ತರಿಯಲ್ಲಿ ಒಂದೇ ಬ್ಲೇಡು ಇರುವುದರಿಂದ ಅದು ಹರಿತವಾದರೆ ಕೆಲಸ ಮುಗಿಯಿತು. ಯಂತ್ರದಲ್ಲಿ ಎರಡು, ಮೂರು ಅಥವಾ ನಾಲ್ಕು ಬ್ಲೇಡುಗಳು ಒಂದೇ ಬ್ಲಾಕಿನಲ್ಲಿ ಕುಳಿತು ತಿರುಗುತ್ತವೆ. ಅವು ಹರಿತವಾಗಿರುವುದರ ಜೊತೆಗೆ ನೇರವಾಗಿಯೂ, ಒಂದೇ ಅಗಲದವಾಗಿಯೂ, ಒಂದೇ ತೂಕದವಾಗಿಯೂ ಇರಬೇಕು. ಒಂದು ಲೆಕ್ಕ ನೋಡೋಣ. ನಿಮಿಷಕ್ಕೆ 4500 ಸುತ್ತು ತಿರುಗುವ ಬ್ಲಾಕಿನಲ್ಲಿ 3 ಬ್ಲೇಡುಗಳಿದ್ದರೆ ನಿಮಿಷಕ್ಕೆ 13,500 ಏಟು ಬೀಳುತ್ತವೆ. ಹಲಗೆ ನಿಮಿಷಕ್ಕೆ 6 ಮೀಟರ್ ವೇಗದಲ್ಲಿ ಸಾಗಿದರೆ ಒಂದು ಏಟಿಗೂ ಮುಂದಿನದಕ್ಕೂ ನಡುವಿನ ಅಂತರ 0.44 ಮಿ.ಮೀ.ನಷ್ಟಾಗುತ್ತದೆ, ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಆದರೆ ಒಂದು ಬ್ಲೇಡು ಉಳಿದೆರಡಕ್ಕಿಂತ ಕೂದಲೆಳೆಯಷ್ಟು ಎತ್ತರ ಕುಳಿತಿದ್ದರೆ ಮೇಲ್ಮೈಯನ್ನು ಮುಗಿಸುವುದು ಅದೊಂದೇ. ಆಗ ಅಂತರ 1.33 ಮಿ.ಮೀ. ಆಗಿ, ಪಾಲಿಶ್ ಹಚ್ಚಿದ ಕೂಡಲೇ ಅಲೆಅಲೆಯಾದ ಗೆರೆಗಳು ಎದ್ದು ಕಾಣುತ್ತವೆ. ಹೊಸದಾಗಿ ಸಾಣೆ ಹಿಡಿಸಿದ ಮೇಲೂ ಫಿನಿಶಿಂಗ್ ಬರುತ್ತಿಲ್ಲ ಎಂದು ಸಾಣೆಯವರನ್ನು ದೂರುವವರಲ್ಲಿ ಬಹಳಷ್ಟು ಜನರ ಸಮಸ್ಯೆ ನಿಜವಾಗಿ ಇದೇ ಆಗಿರುತ್ತದೆ.

ಕೈಯಲ್ಲಿರುವುದು ಯಾವ ಬ್ಲೇಡು?

ಮಸೆಯುವ ಮುನ್ನ ಬ್ಲೇಡಿನ ಜಾತಿ ಗೊತ್ತಿರಬೇಕು. ಕೈಯಲ್ಲಿ ಹಿಡಿದು ಕೆಲಸ ಮಾಡುವ ಸಣ್ಣ ವಿದ್ಯುತ್ ಪ್ಲೇನರುಗಳಲ್ಲಿ ಹೆಚ್ಚಾಗಿ ಬರುವ 82 ಮಿ.ಮೀ. ಉದ್ದದ, ಒಂದು ಮಿ.ಮೀ.ಗಿಂತ ಸ್ವಲ್ಪವೇ ದಪ್ಪವಿರುವ, ಎರಡೂ ಕಡೆ ಬಾಯಿ ಇರುವ, ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಬ್ಲೇಡು ಸಾಣೆಗಾಗಿ ಮಾಡಿದ್ದಲ್ಲ. ಒಂದು ಬಾಯಿ ಹೋದರೆ ತಿರುಗಿಸಿ ಹಾಕಬೇಕು, ಎರಡೂ ಹೋದರೆ ಹೊಸದು ತರಬೇಕು. ಅದನ್ನು ಮಸೆದರೆ ಅಗಲ ಕಡಿಮೆಯಾಗಿ ಹೋಲ್ಡರಿನಲ್ಲಿ ಅದರ ಸ್ಥಾನವೇ ತಪ್ಪುತ್ತದೆ. ಅದೇ ಬಗೆಯ ಯಂತ್ರಗಳಲ್ಲಿ ಕೆಲವಕ್ಕೆ ಸುಮಾರು 3 ಮಿ.ಮೀ. ದಪ್ಪದ, ಒಂದೇ ಬಾಯಿಯ ಅಗಲವಾದ ಬ್ಲೇಡು ಇರುತ್ತದೆ. ಅದನ್ನು ಧಾರಾಳವಾಗಿ ಸಾಣೆ ಹಿಡಿಯಬಹುದು.

ಹಲಗೆಯ ಒಂದು ಮೈಯನ್ನು ಮಟ್ಟಸ ಮಾಡುವ ಸರ್ಫೇಸ್ ಪ್ಲೇನರ್, ಮತ್ತು ಥಿಕ್ನೆಸ್ ಯಂತ್ರಗಳ ಉದ್ದನೆಯ ಬ್ಲೇಡುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹೈ ಕಾರ್ಬನ್ ಹೈ ಕ್ರೋಮಿಯಂ ಉಕ್ಕಿನವು ಅಗ್ಗ. ಬೇಗ ಬಾಯಿ ಬರುತ್ತದೆ, ಬೇಗ ಹೋಗುತ್ತದೆ. ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲ್ ಬ್ಲೇಡುಗಳು ಬಿಸಿಯನ್ನೂ ಸವೆತವನ್ನೂ ಹೆಚ್ಚು ತಡೆಯುತ್ತವೆ, ಹಾಗೆಯೇ ಮನೆಯಲ್ಲಿ ಕಲ್ಲಿನ ಮೇಲೂ ಮಸೆಯಲು ಒಗ್ಗುತ್ತವೆ. ಮೂರನೆಯದು ಬಾಯಿಗೆ ಕಾರ್ಬೈಡ್ ಪಟ್ಟಿ ಬೆಸೆದ ಟಿಸಿಟಿ ಬ್ಲೇಡು. ಇದನ್ನು ಮಾಮೂಲಿ ಸಾಣೆ ಚಕ್ರ ಮುಟ್ಟುವುದೇ ಇಲ್ಲ, ಡೈಮಂಡ್ ಚಕ್ರವೇ ಬೇಕು. ಅದನ್ನು ಅಂಗಡಿಗೆ ಕೊಡುವುದೇ ಸರಿ. ತೇಗದ ಕೆಲಸವೇ ಹೆಚ್ಚಾಗಿರುವವರು ಎಚ್‌ಎಸ್‌ಎಸ್‌ಗಿಂತ ಕೆಳಗಿನದನ್ನು ಕೊಳ್ಳದಿರುವುದು ಒಳ್ಳೆಯದು. ತೇಗದ ಮರದೊಳಗೇ ಸಿಲಿಕಾ ಕಣಗಳಿರುವುದರಿಂದ, ಮುಟ್ಟಲು ಮೃದುವೆನಿಸಿದರೂ ಅದು ಬಾಯಿಯನ್ನು ಬೇಗ ತಿನ್ನುತ್ತದೆ.

ಬಿಚ್ಚುವ ಕ್ರಮ

ಸ್ವಿಚ್ ಆಫ್ ಮಾಡುವುದಷ್ಟೇ ಸಾಲದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಬೇಕು; ಮೂರು ಫೇಸ್ ಯಂತ್ರವಾದರೆ ಮೇನ್ ಇಳಿಸಿ, ಯಾರೂ ಮತ್ತೆ ಎತ್ತದಂತೆ ಬೋರ್ಡಿಗೆ ಬೀಗ ಹಾಕಬೇಕು. ಬ್ಲೇಡು ಮೊಂಡಾಗಿದ್ದರೂ ಮರಕ್ಕೆ ಮಾತ್ರ ಮೊಂಡು, ಬೆರಳಿಗಲ್ಲ. ಬಿಚ್ಚುವಾಗ ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಬೇಕು, ಆದರೆ ಯಂತ್ರ ತಿರುಗುವಾಗ ಅದೇ ಕೈಗವಸು ಅಪಾಯಕಾರಿಯಾಗುತ್ತದೆ, ಆಗ ತೆಗೆದಿಡಬೇಕು. ಬ್ಲಾಕು ತಾನಾಗಿ ತಿರುಗದಂತೆ ಮರದ ಬೆಣೆಯೊಂದನ್ನು ಸಿಕ್ಕಿಸಿ, ಸ್ಪ್ಯಾನರನ್ನು ಬಾಯಿಯ ಕಡೆಗೆ ಜಾರದ ದಿಕ್ಕಿನಲ್ಲಿ ಎಳೆಯಬೇಕು. ಬಿಗಿಯಾಗಿ ಕುಳಿತ ಬೋಲ್ಟು ತಟ್ಟನೆ ಸಡಿಲಾದಾಗ ಗೆಣ್ಣು ಹೋಗಿ ಬ್ಲೇಡಿಗೆ ಬಡಿಯುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ಗಾಯ. ಸುತ್ತಲಿನ ಬಾಯಿಗಳ ಮೇಲೆ ದಪ್ಪ ರಟ್ಟನ್ನು ಮುಚ್ಚಿಟ್ಟರೆ ಅದು ತಪ್ಪುತ್ತದೆ.

ಬ್ಲೇಡನ್ನು ಒತ್ತಿ ಹಿಡಿಯುವ ಬಿಗಿಪಟ್ಟಿಯ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಯಾವ ಬ್ಲೇಡು, ಯಾವ ಪಟ್ಟಿ, ಯಾವ ಸಂದಿನಿಂದ ಬಂತು ಎಂಬುದನ್ನು ಮಾರ್ಕರಿನಿಂದ 1, 2, 3 ಎಂದು ಬರೆದಿಟ್ಟುಕೊಳ್ಳಬೇಕು. ಬಿಚ್ಚಿದ ಮೇಲೆ ಪಟ್ಟಿ, ಸಂದು, ಬ್ಲೇಡಿನ ಬೆನ್ನು ಇವುಗಳಿಗೆ ಅಂಟಿದ ಮರದ ಗೋಂದನ್ನೂ ಹೊಟ್ಟನ್ನೂ ಸೀಮೆಎಣ್ಣೆ ಅಥವಾ ಥಿನ್ನರ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಸಂದಿನಲ್ಲಿ ಉಳಿದ ಒಂದು ಕಣ ಹೊಟ್ಟೂ ಬ್ಲೇಡನ್ನು ಓರೆಯಾಗಿ ಕೂರಿಸುತ್ತದೆ.

ಸಾಣೆ ಅಂಗಡಿಗೆ ಕೊಡುವಾಗ

ಬಾಯಿಯಲ್ಲಿ ಕಣ್ಣಿಗೆ ಕಾಣುವಷ್ಟು ಕಚ್ಚು ಬಿದ್ದಿದ್ದರೆ, ಬಾಯಿ ನಡುವೆ ಸವೆದು ಬಿಲ್ಲಿನಂತೆ ಬಾಗಿದ್ದರೆ, ಅಥವಾ ಬ್ಲೇಡು ಸುಮಾರು 13 ಇಂಚಿಗಿಂತ ಉದ್ದವಾಗಿದ್ದರೆ ಅಂಗಡಿಯ ದಾರಿ ಹಿಡಿಯುವುದು ಲೇಸು. ಆದರೆ ಎಲ್ಲ ಸಾಣೆ ಅಂಗಡಿಯೂ ಈ ಕೆಲಸಕ್ಕೆ ತಕ್ಕದ್ದಲ್ಲ. ಕತ್ತರಿ, ಈಳಿಗೆಗಳನ್ನು ಕೈಯಲ್ಲಿ ಹಿಡಿದು ಚಕ್ರಕ್ಕೆ ಒತ್ತುವವರ ಬಳಿ ಪ್ಲೇನರ್ ಬ್ಲೇಡನ್ನು ಕೊಡಲೇಬಾರದು; ಬಾಯಿ ಹರಿತವಾಗಿ ಬಂದರೂ ನೇರವಾಗಿ ಬರುವುದಿಲ್ಲ. ಬೇಕಾದದ್ದು ನೈಫ್ ಗ್ರೈಂಡಿಂಗ್ ಯಂತ್ರ: ಉದ್ದನೆಯ ಮೇಜಿನ ಮೇಲೆ ಬ್ಲೇಡುಗಳನ್ನು ಅಯಸ್ಕಾಂತ ಅಥವಾ ಕ್ಲಾಂಪಿನಿಂದ ಹಿಡಿದಿಟ್ಟು, ಬಟ್ಟಲಿನಾಕಾರದ ಚಕ್ರ ಆ ತುದಿಯಿಂದ ಈ ತುದಿಗೆ ಸಾಗುತ್ತ, ಮೇಲೆ ತಣ್ಣೀರು ಸುರಿಯುತ್ತ ಉಜ್ಜುವ ಯಂತ್ರ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶಗಳ ಟೂಲ್ ಗ್ರೈಂಡಿಂಗ್ ಅಂಗಡಿಗಳಲ್ಲಿ ವಿಚಾರಿಸಬಹುದು. ಅಷ್ಟು ದೂರ ಹೋಗಲಾಗದ ಊರಿನವರು ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿನವರನ್ನು ಕೇಳಿ ನೋಡಲಿ: ಕಾಗದ ಕತ್ತರಿಸುವ ಯಂತ್ರದ ಉದ್ದನೆಯ ಕತ್ತಿಗೆ ಅವರು ಎಲ್ಲಿ ಸಾಣೆ ಹಿಡಿಸುತ್ತಾರೋ ಅಲ್ಲಿ ಇರುವುದು ಇದೇ ಬಗೆಯ ಯಂತ್ರ. ದೊಡ್ಡ ಸಾಮಿಲ್‌ನವರಿಗೂ ಇಂತಹ ವಿಳಾಸ ಗೊತ್ತಿರುತ್ತದೆ.

ಕೊಡುವಾಗ ಬ್ಲೇಡುಗಳನ್ನು ಸುಮ್ಮನೆ ಕಟ್ಟಿ ಒಪ್ಪಿಸಿ ಬರಬಾರದು, ನಾಲ್ಕು ಮಾತುಗಳನ್ನು ಬಾಯಿಬಿಟ್ಟು ಹೇಳಬೇಕು. ಮೊದಲನೆಯದು ಕೋನ, ಅಂದರೆ ಬಾಯಿಯ ಓರೆ ಬ್ಲೇಡಿನ ಬೆನ್ನಿಗೆ ಎಷ್ಟು ವಾಲಿದೆ ಎಂಬುದು. ಪ್ಲೇನರ್ ಬ್ಲೇಡುಗಳ ಕೋನ ಸಾಮಾನ್ಯವಾಗಿ 35ರಿಂದ 45 ಡಿಗ್ರಿಯ ನಡುವೆ ಇರುತ್ತದೆ. ಯಂತ್ರದ ಕೈಪಿಡಿಯಲ್ಲಿ ಇದ್ದದ್ದನ್ನೇ ಹೇಳಿ, ಅದಿಲ್ಲದಿದ್ದರೆ ಇರುವ ಕೋನವನ್ನೇ ಉಳಿಸಲು ಹೇಳಿ. ಎರಡನೆಯದು, ಒಂದು ಸೆಟ್ಟಿನ ಬ್ಲೇಡುಗಳನ್ನೆಲ್ಲ ಒಟ್ಟಿಗೆ ಉಜ್ಜಿ ಒಂದೇ ಅಗಲಕ್ಕೆ ತರಬೇಕು. ಒಂದರಲ್ಲಿ ಮಾತ್ರ ಅರ್ಧ ಮಿ.ಮೀ. ಆಳದ ಕಚ್ಚಿದ್ದರೂ ಮೂರರಿಂದಲೂ ಅಷ್ಟೇ ತೆಗೆಯಬೇಕಾಗುತ್ತದೆ. ನಷ್ಟವೆನಿಸಿದರೂ ಬೇರೆ ದಾರಿಯಿಲ್ಲ. ಮೂರನೆಯದು, ನೀರು ಸುರಿದೇ ಉಜ್ಜಬೇಕು, ಬಾಯಿ ನೀಲಿಯಾಗಬಾರದು. ಕ್ರೋಮಿಯಂ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಜಾಗದ ಹದ ಹೋಗಿ ಮೆತ್ತಗಾಗಿರುತ್ತದೆ. ಎಚ್‌ಎಸ್‌ಎಸ್ ಅದಕ್ಕಿಂತ ಬಹಳ ಹೆಚ್ಚಿನ ಬಿಸಿಯನ್ನು ತಡೆದರೂ, ಚೆನ್ನಾಗಿ ಕಾದದ್ದನ್ನು ತಟ್ಟನೆ ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬಿಟ್ಟು, ಕೆಲಸದಲ್ಲಿ ಬಾಯಿ ಚೂರುಚೂರಾಗಿ ಉದುರುತ್ತದೆ. ಕೊನೆಯದಾಗಿ, ಬಾಯಿಯ ಹಿಂಭಾಗದಲ್ಲಿ ಉಳಿಯುವ ತಂತಿಯಂತಹ ತೆಳು ಅಂಚನ್ನು ಅವರೇ ಕಲ್ಲಿನಿಂದ ತೆಗೆದುಕೊಡುತ್ತಾರೋ, ನಾವೇ ತೆಗೆದುಕೊಳ್ಳಬೇಕೋ ಎಂದು ಕೇಳಿಕೊಳ್ಳಬೇಕು.

ಒಯ್ಯುವಾಗಲೂ ತರುವಾಗಲೂ ಬಾಯಿಗೆ ರಕ್ಷಣೆ ಬೇಕು. ಹಳೆಯ ನೀರಿನ ಪೈಪಿನ ರಬ್ಬರನ್ನು ಉದ್ದಕ್ಕೆ ಸೀಳಿ ಬಾಯಿಗೆ ಸಿಕ್ಕಿಸಿದರೆ ಸಾಕು. ಬ್ಲೇಡುಗಳು ಒಂದಕ್ಕೊಂದು ತಾಗುವಂತೆ ಚೀಲಕ್ಕೆ ಹಾಕಿ ಬೈಕಿನಲ್ಲಿ ತಂದರೆ, ಕೊಟ್ಟ ಹಣ ದಾರಿಯಲ್ಲೇ ಹೋದಂತೆ.

ಮರಳಿ ಬಂದದ್ದನ್ನು ಅಲ್ಲೇ ಪರೀಕ್ಷಿಸಿ ತೆಗೆದುಕೊಳ್ಳಿ. ಎರಡು ಬ್ಲೇಡುಗಳನ್ನು ಬಾಯಿಗೆ ಬಾಯಿ ಹಗುರಾಗಿ ಮುಟ್ಟಿಸಿ ಬೆಳಕಿಗೆ ಹಿಡಿದರೆ, ನಡುವೆ ಬೆಳಕು ತೂರಿಬಂದ ಕಡೆ ಬಾಯಿ ನೇರವಿಲ್ಲ. ಎರಡರ ತಪ್ಪೂ ಸೇರಿ ಕಾಣುವುದರಿಂದ ಸಣ್ಣ ಓರೆಯೂ ಎದ್ದು ಕಾಣುತ್ತದೆ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇದ್ದರೆ ಪ್ರತಿ ಬ್ಲೇಡಿನ ಎರಡು ತುದಿ ಮತ್ತು ನಡುವೆ ಅಗಲ ಅಳೆಯಬೇಕು. ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಒಂದು ಸೆಟ್ಟಿನವು ಒಂದು ಗ್ರಾಂ ಆಚೀಚೆಯೊಳಗೆ ಇರಬೇಕು. ಹೆಚ್ಚು ವ್ಯತ್ಯಾಸವಿದ್ದರೆ ಯಂತ್ರ ನಡುಗಿ ಬೇರಿಂಗ್ ಬೇಗ ಹೋಗುತ್ತದೆ. ಹರಿತ ನೋಡಲು ಬೆರಳನ್ನು ಬಾಯಿಯ ಉದ್ದಕ್ಕೆ ಎಳೆಯಬೇಡಿ. ದೀಪದ ಕೆಳಗೆ ಬಾಯಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿ: ಮೊಂಡು ಬಾಯಿ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ, ಹರಿತವಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ.

ಮನೆಯಲ್ಲೇ ಮಸೆಯುವುದು

ಕಚ್ಚಿಲ್ಲದ, ಕೇವಲ ಮೊಂಡಾದ, ಸುಮಾರು 13 ಇಂಚಿನವರೆಗಿನ ಎಚ್‌ಎಸ್‌ಎಸ್ ಬ್ಲೇಡುಗಳನ್ನು ಮನೆಯಲ್ಲೇ ಚೆನ್ನಾಗಿ ಮಸೆಯಬಹುದು. ಅಂಗಡಿಯ ಒಂದು ಸಾಣೆಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ಬಾರಿ ಹೀಗೆ ಮಸೆದುಕೊಂಡರೆ ಬ್ಲೇಡಿನ ಆಯುಸ್ಸು ಹೆಚ್ಚುತ್ತದೆ, ಏಕೆಂದರೆ ಕೈಯಲ್ಲಿ ಮಸೆದಾಗ ಹೋಗುವ ಉಕ್ಕು ಬಹಳ ಕಡಿಮೆ. ಬೆಂಚ್ ಗ್ರೈಂಡರಿಗೆ ಕೈಯಲ್ಲಿ ಹಿಡಿದು ಒತ್ತುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಎಷ್ಟೇ ಪಳಗಿದ ಕೈಯಾದರೂ ಅಡಿ ಉದ್ದದ ಬಾಯಿಯನ್ನು ಅದರಲ್ಲಿ ನೇರವಾಗಿ ಉಳಿಸುವುದು ಕಷ್ಟ.

ಬೇಕಾದ ಸಾಮಾನು ಸರಳ: 10 ಅಥವಾ 12 ಮಿ.ಮೀ. ದಪ್ಪದ, ಎರಡಡಿ ಉದ್ದದ ಗಾಜಿನ ತುಂಡು. 220, 400, 800, 1500 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ). ಬ್ಲೇಡನ್ನು ಹಿಡಿದಿಡುವ ಒಂದು ಮರದ ಅಚ್ಚು. ಕಡಪ ಕಲ್ಲು, ಗ್ರಾನೈಟ್ ತುಂಡುಗಳನ್ನೂ ಬಳಸುವವರಿದ್ದಾರೆ, ಆದರೆ ಕಡಪ ಕಲ್ಲು ಮಟ್ಟಸವಾಗಿರುವುದು ಅಪರೂಪ. ಗಾಜು ಅಗ್ಗವೂ ಹೌದು, ನಂಬಿಕಸ್ತವೂ ಹೌದು. ಗಾಜಿನ ಕೆಳಗೆ ಮಟ್ಟಸವಾದ ದಪ್ಪ ಪ್ಲೈವುಡ್ ಇಟ್ಟು, ಗಾಜು ಬಾಗದಂತೆ ನೋಡಿಕೊಳ್ಳಬೇಕು.

ಅಚ್ಚನ್ನು ಗಟ್ಟಿ ಮರದಲ್ಲಿ ಬ್ಲೇಡಿನಷ್ಟೇ ಉದ್ದಕ್ಕೆ ಮಾಡಿಕೊಳ್ಳಬೇಕು. ಒಣಗಿದ ತೇಗ ಅಥವಾ ಹೊನ್ನೆ ಸಾಕು. ಹಸಿ ಮರವಾದರೆ ಅಚ್ಚೇ ಸೊಟ್ಟಗಾಗುತ್ತದೆ. ಸುಮಾರು 4 ಇಂಚು ಅಗಲ, 2 ಇಂಚು ದಪ್ಪದ ತುಂಡಿನ ಕೆಳಮೈಯಿಂದ, ಟೇಬಲ್ ಗರಗಸದ ಬ್ಲೇಡನ್ನು ಓರೆ ಮಾಡಿ ಉದ್ದಕ್ಕೂ ಎರಡು ಸೀಳು ಹಾಕಬೇಕು. ಬ್ಲೇಡಿನ ಕೋನ 40 ಡಿಗ್ರಿಯಾದರೆ ಸೀಳೂ ಕೆಳಮೈಗೆ 40 ಡಿಗ್ರಿ ಓರೆಯಾಗಿರಬೇಕು. ಎರಡೂ ಸೀಳುಗಳು ಒಂದಕ್ಕೊಂದು ಎದುರುಬದುರಾಗಿ ವಾಲಿರಬೇಕು. ಸೀಳಿನ ಅಗಲ ಬ್ಲೇಡಿನ ದಪ್ಪಕ್ಕೆ ಸರಿಹೊಂದಿದ್ದು, ಮರದ ಮೇಲಿನಿಂದ ಮೂರು ನಾಲ್ಕು ಸ್ಕ್ರೂಗಳು ಬ್ಲೇಡನ್ನು ಒತ್ತಿ ಹಿಡಿಯುವಂತಿರಬೇಕು. ಎರಡು ಬ್ಲೇಡುಗಳನ್ನು ಸೀಳುಗಳಲ್ಲಿ ಸಡಿಲವಾಗಿ ಕೂರಿಸಿ, ಅಚ್ಚಿನ ನಾಲ್ಕೂ ಮೂಲೆಯ ಕೆಳಗೆ ಒಂದೇ ದಪ್ಪದ ರಟ್ಟಿನ ಚೂರು ಇಟ್ಟು ಗಾಜಿನ ಮೇಲಿಡಿ. ಎರಡೂ ಬ್ಲೇಡುಗಳ ಓರೆಮೈ (ಬಾಯಿಗೆ ಇಳಿಯುವ ಓರೆಯಾದ ಮೈ) ಗಾಜಿಗೆ ಪೂರ್ತಿ ಮುಟ್ಟುವಂತೆ ಒತ್ತಿ ಸ್ಕ್ರೂ ಬಿಗಿದ ಮೇಲೆ ರಟ್ಟನ್ನು ತೆಗೆದರೆ, ಅಚ್ಚು ಈಗ ಎರಡು ಬ್ಲೇಡುಗಳ ಮೇಲೆಯೇ ನಿಲ್ಲುತ್ತದೆ, ಅಲುಗಾಡುವುದಿಲ್ಲ.

ಮಸೆಯುವ ಮುನ್ನ ಓರೆಮೈಗೆ ಕಪ್ಪು ಮಾರ್ಕರ್ ಹಚ್ಚಿ. ಗಾಜಿಗೆ ನೀರು ಚಿಮುಕಿಸಿ 400ರ ವಾಟರ್ ಪೇಪರನ್ನು ಅಂಟಿಸಿ, ಬ್ಲೇಡಿನ ಉದ್ದಕ್ಕೆ ಹಿಂದೆ ಮುಂದೆ ಹತ್ತು ಸಲ ಎಳೆದು ತಿರುಗಿಸಿ ನೋಡಿ. ಮಸಿ ಬಾಯಿಯ ಅಂಚಿನವರೆಗೂ ಹೋಗಿದ್ದರೆ ಕೋನ ಸರಿಯಾಗಿದೆ. ಹಿಂದಿನ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಬ್ಲೇಡು ಬಹಳ ಮಲಗಿದೆ, ಬಾಯಿ ಇನ್ನೂ ಪೇಪರನ್ನು ಮುಟ್ಟಿಲ್ಲ. ಬಾಯಿಯಲ್ಲಿ ಮಾತ್ರ ಹೋಗಿದ್ದರೆ ಸ್ವಲ್ಪ ಎದ್ದು ನಿಂತಿದೆ. ಎದ್ದು ನಿಂತದ್ದು ಒಂದೆರಡು ಡಿಗ್ರಿಯಷ್ಟೇ ಆಗಿದ್ದರೆ ಚಿಂತೆಯಿಲ್ಲ, ಕೆಲಸ ಬೇಗನೆ ಮುಗಿಯುತ್ತದೆ. ಬ್ಲೇಡು ಬಹಳ ಮೊಂಡಾಗಿದ್ದರೆ ಮಾತ್ರ 220ರಿಂದ ಆರಂಭಿಸಬೇಕು. ಬಾಯಿಯ ಹಿಂಬದಿಯಲ್ಲಿ ಉಗುರಿಗೆ ತಡೆಯುವಂತಹ ತೆಳು ಅಂಚು ಈ ತುದಿಯಿಂದ ಆ ತುದಿಯವರೆಗೆ ಎದ್ದಿತೆಂದರೆ ಆ ಪೇಪರಿನ ಕೆಲಸ ಮುಗಿದಂತೆ. ಅದು ಏಳುವ ಮುನ್ನ ಮುಂದಿನ ನಂಬರಿಗೆ ಹೋದರೆ ಬಾಯಿ ಹೊಳೆಯುತ್ತದೆಯೇ ಹೊರತು ಹರಿತವಾಗುವುದಿಲ್ಲ. ಮುಂದೆ 800, 1500ರಲ್ಲಿ ಒತ್ತಡ ಕಡಿಮೆ ಮಾಡುತ್ತ ಸಾಗಿ, ಕೊನೆಗೆ ಬ್ಲೇಡನ್ನು ಅಚ್ಚಿನಿಂದ ತೆಗೆದು ಅದರ ಬೆನ್ನನ್ನು, ಅಂದರೆ ಓರೆಯಿಲ್ಲದ ಮಟ್ಟಸ ಮೈಯನ್ನು, 1500ರ ಪೇಪರಿನ ಮೇಲೆ ಪೂರ್ತಿ ಮಲಗಿಸಿ, ಮೇಲೆತ್ತದೆ, ನಾಲ್ಕಾರು ಸಲ ಎಳೆದರೆ ಆ ತೆಳು ಅಂಚು ಉದುರಿ ಬೀಳುತ್ತದೆ.

ಮೂರು ಬ್ಲೇಡಿನ ಯಂತ್ರದವರಿಗೆ ಇಲ್ಲಿ ಒಂದು ತೊಡಕು ಬರುತ್ತದೆ, ಅಚ್ಚಿನಲ್ಲಿ ಜಾಗ ಇರುವುದು ಎರಡಕ್ಕೆ. ಮೊದಲು 1 ಮತ್ತು 2, ಆಮೇಲೆ 2 ಮತ್ತು 3, ಆಮೇಲೆ 3 ಮತ್ತು 1 ಎಂದು ಜೋಡಿ ಮಾಡಿ, ಪ್ರತಿ ಜೋಡಿಗೂ ಎಣಿಸಿ ಒಂದೇ ಸಂಖ್ಯೆಯ ಎಳೆತ ಕೊಟ್ಟರೆ, ಪ್ರತಿ ಬ್ಲೇಡಿಗೂ ಎರಡು ಪಾಲು ಸಿಕ್ಕಿ ಮೂರೂ ಸಮವಾಗಿ ಸವೆಯುತ್ತವೆ. ಜೋಡಿ ಬದಲಿಸುವಾಗಲೆಲ್ಲ ಅಚ್ಚಿನ ದಿಕ್ಕನ್ನೂ ತಿರುಗಿಸಿದರೆ, ನಮ್ಮ ಬಲಗೈ ಹೆಚ್ಚು ಒತ್ತುವ ದೋಷ ಎರಡು ತುದಿಗಳಿಗೂ ಹಂಚಿಹೋಗುತ್ತದೆ.

ಹಲಸು, ಬೀಟೆಯಂತಹ ಎಳೆ ಅಡ್ಡಾದಿಡ್ಡಿ ಇರುವ ಮರಗಳ ಕೆಲಸವೇ ಹೆಚ್ಚಿರುವವರು ಬ್ಲೇಡಿನ ಬೆನ್ನಿನಲ್ಲೂ ಸುಮಾರು 10 ಡಿಗ್ರಿಯ, ಅರ್ಧ ಮಿ.ಮೀ. ಅಗಲದ ಸಣ್ಣ ಓರೆಯನ್ನು ಕೊಡಬಹುದು. ಬಾಯಿ ಮರವನ್ನು ಎತ್ತಿ ಕೀಳುವ ಬದಲು ಕೆರೆದಂತೆ ಸಾಗುವುದರಿಂದ ಎಳೆ ಕಿತ್ತು ಬರುವುದು ಬಹಳ ಕಡಿಮೆಯಾಗುತ್ತದೆ. ಮೋಟಾರಿಗೆ ಹೊರೆ ಸ್ವಲ್ಪ ಹೆಚ್ಚಾಗುವುದರಿಂದ ಒಂದು ಸಲಕ್ಕೆ ಕಡಿಮೆ ಆಳ ತೆಗೆಯಬೇಕು.

ಮತ್ತೆ ಕೂರಿಸುವುದು

ಸಾಣೆಗೆ ಕೊಟ್ಟ ಗಮನದಷ್ಟೇ ಗಮನ ಇದಕ್ಕೂ ಬೇಕು. ಸರ್ಫೇಸ್ ಪ್ಲೇನರಿನಲ್ಲಿ ಬ್ಲೇಡಿನ ಬಾಯಿ ಬ್ಲಾಕಿನಿಂದ ಸುಮಾರು 1 ಮಿ.ಮೀ. ಮಾತ್ರ ಹೊರಗೆ ಚಾಚಿರಬೇಕು. ಹೆಚ್ಚು ಚಾಚಿದಷ್ಟೂ ಹಲಗೆ ಎಗರುವ ಅಪಾಯ ಹೆಚ್ಚು. ಎತ್ತರ ಹೊಂದಿಸಲು ದುಬಾರಿ ಗೇಜ್ ಬೇಕಿಲ್ಲ, ಒಂದಡಿ ಉದ್ದದ ನೇರವಾದ ಮರದ ಪಟ್ಟಿ ಸಾಕು. ಹಲಗೆ ಹೊರಬರುವ ಕಡೆಯ ಮೇಜಿನ ಮೇಲೆ ಪಟ್ಟಿಯನ್ನಿಟ್ಟು ಅದರ ತುದಿ ಬ್ಲಾಕಿನ ಮೇಲೆ ಚಾಚಿರುವಂತೆ ಮಾಡಿ, ಮೇಜಿನ ಅಂಚಿಗೆ ಸರಿಯಾಗಿ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಬ್ಲಾಕನ್ನು ಯಂತ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕೈಯಿಂದ ತಿರುಗಿಸಿದರೆ ಬಾಯಿ ಪಟ್ಟಿಯನ್ನು ಕಚ್ಚದೆ ತನ್ನ ಬೆನ್ನಿನ ಮೇಲೆ ಹೊತ್ತು ಸ್ವಲ್ಪ ದೂರ ಸಾಗಿಸಿ ಬಿಡುತ್ತದೆ. ಅದು ಸಾಗಿದ ದೂರಕ್ಕೆ ಇನ್ನೊಂದು ಗೆರೆ ಹಾಕಿ. ಸುಮಾರು 100 ಮಿ.ಮೀ. ವ್ಯಾಸದ ಬ್ಲಾಕಿನಲ್ಲಿ 3 ಮಿ.ಮೀ. ಸಾಗಿತೆಂದರೆ ಬಾಯಿ ಮೇಜಿಗಿಂತ 0.02 ಮಿ.ಮೀ.ನಷ್ಟು ಮಾತ್ರ ಎತ್ತರವಿದೆ. ಪ್ರತಿ ಬ್ಲೇಡಿನ ಎರಡೂ ತುದಿಗಳಲ್ಲಿ ಪಟ್ಟಿ ಇದೇ ಎರಡು ಗೆರೆಗಳ ನಡುವಿನಷ್ಟೇ ಸಾಗುವವರೆಗೆ ಹೊಂದಿಸುತ್ತ ಹೋಗಬೇಕು. ತಾಳ್ಮೆ ಬೇಡುವ ಕೆಲಸ ನಿಜ, ಆದರೆ ಮೇಲೆ ಹೇಳಿದ ಅಲೆಅಲೆಯ ಗೆರೆಗಳು ಇಲ್ಲವಾಗುವುದು ಇಲ್ಲಿಯೇ. ಥಿಕ್ನೆಸ್ ಯಂತ್ರದಲ್ಲಿ ಬ್ಲಾಕಿನ ಮೇಲೆ ಕೂರುವ, ಯಂತ್ರದ ಜೊತೆಗೇ ಬರುವ ಗೇಜನ್ನು ಬಳಸಬೇಕು.

ಬೋಲ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಬಿಗಿಯುವಾಗ ಬ್ಲೇಡು ಮೇಲೇಳುವುದುಂಟು, ಆದ್ದರಿಂದ ಬಿಗಿದಾದ ಮೇಲೆ ಎತ್ತರವನ್ನು ಮತ್ತೊಮ್ಮೆ ನೋಡಬೇಕು. ಎಲ್ಲ ಬೋಲ್ಟುಗಳನ್ನೂ ಒಂದು ಕಡೆಯಿಂದ ಎಣಿಸುತ್ತ ಸ್ಪ್ಯಾನರ್ ಮುಟ್ಟಿಸಿ ಬನ್ನಿ, ಬಿಗಿಯಲು ಮರೆತ ಒಂದೇ ಬೋಲ್ಟು ಸಾಕು, ಪ್ರಾಣಕ್ಕೇ ಸಂಚಕಾರ. ಸ್ಪ್ಯಾನರ್, ಬೆಣೆ, ಪಟ್ಟಿ ಎಲ್ಲವನ್ನೂ ತೆಗೆದು, ಬ್ಲಾಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗಾರ್ಡ್ ಹಾಕಿ, ಬ್ಲಾಕಿನ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಂತು ಸ್ವಿಚ್ ಹಾಕಬೇಕು. ಐದು ನಿಮಿಷ ಖಾಲಿ ಓಡಿಸಿ, ಮತ್ತೆ ಪ್ಲಗ್ ಕಿತ್ತು ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಮೊದಲ ಹಲಗೆಯನ್ನು ಕೊಡಬೇಕು.

ಬಾಯಿ ಉಳಿಸಿಕೊಳ್ಳುವುದು

ಹಳೆ ಮನೆ ಕಿತ್ತ ತೊಲೆ, ಜಂತೆಗಳನ್ನು ಮೊಳೆ ಹುಡುಕದೆ ಯಂತ್ರಕ್ಕೆ ಕೊಡಬಾರದು. ಮುರಿದು ಒಳಗೇ ಉಳಿದ ಮೊಳೆಯನ್ನು ಗಟ್ಟಿಯಾದ ಅಯಸ್ಕಾಂತ ಅಥವಾ ಕೈ ಮೆಟಲ್ ಡಿಟೆಕ್ಟರ್ ತೋರಿಸುತ್ತದೆ. ಮರದ ಅಡ್ಡೆಯಲ್ಲಿ ನೆಲಕ್ಕೆ ಊರಿ ನಿಲ್ಲಿಸಿದ ಹಲಗೆಯ ತುದಿಗೆ ಮರಳು ಹೊಕ್ಕಿರುತ್ತದೆ. ಅಂತಹ ತುದಿಯನ್ನು ಒಂದಿಂಚು ಗರಗಸದಲ್ಲಿ ಕತ್ತರಿಸಿ ತೆಗೆದು, ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಬ್ಲೇಡು ಬಹಳ ಕಾಲ ಬಾಳುತ್ತದೆ. ಸರ್ಫೇಸ್ ಪ್ಲೇನರಿನಲ್ಲಿ ಹಲಗೆಗೆ ಪಕ್ಕದ ಆಸರೆಯಾಗುವ ಫೆನ್ಸನ್ನು ಆಗಾಗ ಸರಿಸಿ ಬ್ಲೇಡಿನ ಇಡೀ ಉದ್ದವನ್ನು ಬಳಸದಿದ್ದರೆ ಒಂದೇ ಕಡೆ ಸವೆದು ಬಾಯಿ ಡೊಂಕಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೆಲಸವಿಲ್ಲದೆ ನಿಂತ ಯಂತ್ರದ ಬಾಯಿಗೆ ತುಕ್ಕು ಹತ್ತಿ, ಕಲ್ಲು ತಗುಲಿದಂತೆಯೇ ಸಣ್ಣ ಗುಂಡಿಗಳು ಬೀಳುತ್ತವೆ. ಅದಕ್ಕೆ ಯಂತ್ರವನ್ನು ನಿಲ್ಲಿಸಿಡುವ ಮುನ್ನ ಬ್ಲೇಡಿಗೂ ಮೇಜಿಗೂ ತೆಳುವಾಗಿ ಮಷಿನ್ ಎಣ್ಣೆ ಸವರಿಡಬೇಕು.

ಪ್ರತಿ ಸಾಣೆಯ ನಂತರ ಬ್ಲೇಡಿನ ಅಗಲವನ್ನು ಯಂತ್ರದ ಪಕ್ಕದ ಗೋಡೆಯ ಮೇಲೋ ಪುಸ್ತಕದಲ್ಲೋ ಬರೆದಿಡಿ. ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಅಗಲಕ್ಕೆ ಬಂದ ಬ್ಲೇಡನ್ನು ಬಿಗಿಪಟ್ಟಿ ಪೂರ್ತಿಯಾಗಿ ಹಿಡಿಯಲಾರದು, ತಿರುಗುವ ರಭಸಕ್ಕೆ ಅದು ಕಿತ್ತು ಹಾರಬಹುದು. ಎಷ್ಟೇ ಹರಿತವಾಗಿ ಉಳಿದಿದ್ದರೂ ಅಂತಹ ಸೆಟ್ಟನ್ನು ಯಂತ್ರದಿಂದ ತೆಗೆದು, ಬಾಯಿಗೆ ಟೇಪ್ ಸುತ್ತಿ ಗುಜರಿಗೆ ಹಾಕಿ, ಮೂರನ್ನೂ ಒಟ್ಟಿಗೆ ಹೊಸದಾಗಿ ಕೊಳ್ಳಬೇಕು.